ಸುಮತಿ ಟೀಚರ ಕಿವಿ ಹೋದದ್ದು

ಸುಮತಿ ಟೀಚರಿಗೆ ಕಿವಿ ಕೇಳದೆ ಹೋದದ್ದು ಕ್ಷಯರೋಗದಿಂದ ಅಲ್ಲ. ನನ್ನಿಂದ. ರೋಗ ಕಿವಿಗೆ ಏರಿತೆಂದು ಆಸ್ಪತ್ರೆಯ ಕಾಗದದಲ್ಲಿ ಬರೆದಿದೆ. ಅವರ ಮನೆಯವರೂ ಹಾಗೆಯೇ ನಂಬಿದ್ದರು. ಅದು ಸುಳ್ಳೆಂದು ಹದಿಮೂರು ವರ್ಷ ಗೊತ್ತಿದ್ದವನು ನಾನೊಬ್ಬನೇ.

ಬೆಳ್ತಂಗಡಿ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ನಾನು ಕಂಪೌಂಡರ್. ಅದರ ಹೆಸರು ಬೇಡ — ತಪ್ಪು ಅದರದ್ದಲ್ಲ. ಮಿಕ್ಸ್ಚರ್ ಕಲಸುವುದು, ಮಾತ್ರೆ ಪೊಟ್ಟಣ ಕಟ್ಟುವುದು, ಸಿರಿಂಜು ಕುದಿಸಿ ಇಂಜೆಕ್ಷನ್ ಕೊಡುವುದು, ಎಲ್ಲ ನನ್ನದೇ ಕೆಲಸ. ಡಾಕ್ಟರು ಬರೆಯುತ್ತಿದ್ದರು, ರೋಗಿಯ ಮೈಯೊಳಗೆ ಏನು ಹೋಗುತ್ತದೆ ಎಂಬುದು ಕೊನೆಗೆ ನನ್ನ ಕೈಯಲ್ಲಿತ್ತು. ನಿಮ್ಮ ಕೈಗುಣ ಒಳ್ಳೆಯದು ಎಂದು ಜನ ಹೇಳುತ್ತಿದ್ದರು. ಕೇಳಿ ಕೇಳಿ ನಾನೂ ನಂಬಿದ್ದೆ.

ಕ್ಷಯದವರಿಗೆ ಆಸ್ಪತ್ರೆಯ ಹಿಂದುಗಡೆ ಬೇರೆಯೇ ಒಂದು ಕೋಣೆ, ಆರು ಮಂಚ. ಕ್ಷಯಕ್ಕೆ ಚುಚ್ಚುವ ಸ್ಟ್ರೆಪ್ಟೋಮೈಸಿನ್ ಮದ್ದು ಆಗ ನಮಗೆ ಬರುತ್ತಿದ್ದದ್ದು ಒಬ್ಬರಿಗೆ ಸಾಕಾಗುವಷ್ಟು ಮಾತ್ರ. ಡಾಕ್ಟರು ಸುಮತಿ ಟೀಚರನ್ನು ಆರಿಸಿದರು. ಇಪ್ಪತ್ತಾರು ವರ್ಷ, ನೆರಿಯ ಎಂಬ ಊರಿನ ಶಾಲೆಯಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದವರು. ಆರು ಮಂದಿಯಲ್ಲಿ ಬದುಕುವ ಲಕ್ಷಣ ಹೆಚ್ಚು ಕಾಣುತ್ತಿದ್ದದ್ದು ಅವರಲ್ಲೇ. ಉಳಿದ ಐವರಲ್ಲಿ ಮೂವರು ಆ ವರ್ಷವೇ ತೀರಿಕೊಂಡರು. ಅವರಿಗಿಲ್ಲದ ಮದ್ದು ಅದು. ಎಷ್ಟು ಜಾಗ್ರತೆಯಿಂದ ಕೊಡಬೇಕೆಂದು ನನಗೆ ಗೊತ್ತಿತ್ತು. ಆದರೂ...

ದಿನಕ್ಕೆ ಒಂದು ಗ್ರಾಮು. ಬರುತ್ತಿದ್ದ ಬಾಟಲಿಯಲ್ಲಿ ಇದ್ದದ್ದೂ ಅಷ್ಟೇ. ನೀರು ಹಾಕಿ ಕರಗಿಸಿ ಪೂರ್ತಿ ಚುಚ್ಚಿದರೆ ಆಯಿತು. ಎರಡನೇ ತಿಂಗಳಿನಲ್ಲಿ ಹೊಸ ಪೆಟ್ಟಿಗೆ ಬಂತು. ಅದೇ ಗಾತ್ರದ ಬಾಟಲಿ, ಅದೇ ಬಿಳಿ ಪುಡಿ. ಬಾಟಲಿಗೆ ಅಂಟಿಸಿದ್ದ ಚೀಟಿಯನ್ನು ನಾನು ಓದಲಿಲ್ಲ. ಮೂರು ವಾರ ಹಾಗೆಯೇ ಕೊಟ್ಟೆ. ಒಂದು ಬೆಳಿಗ್ಗೆ ಬಾಟಲಿ ಕೈಯಿಂದ ಜಾರಿತು; ಒಡೆಯಲಿಲ್ಲ. ಎತ್ತಿ ಒರೆಸುವಾಗ ಚೀಟಿ ಕಣ್ಣಿಗೆ ಬಿತ್ತು. ಎರಡು ಗ್ರಾಮು.

ಓದದೆ ಇದ್ದದ್ದು ತಪ್ಪೇ. ಆದರೆ ನಾನು ಹೇಳಬೇಕೆಂದು ಕೂತದ್ದು ಅದನ್ನಲ್ಲ, ಅದರ ನಂತರದ್ದನ್ನು.

ಅದೇ ಬೆಳಿಗ್ಗೆ ನಾನು ಸೂಜಿ ಹಿಡಿದು ಹೋದಾಗ ಟೀಚರು ಮಂಚದ ಸರಳು ಹಿಡಿದು ನಿಂತಿದ್ದರು. ನಾಲ್ಕು ದಿನದಿಂದ ನಡೆಯುವಾಗ ನೆಲ ಓಲಾಡುತ್ತದಂತೆ. ಮತ್ತೆ ಹೇಳಿದರು: "ಕಂಪೌಂಡರೇ, ಕಿವಿಯೊಳಗೆ ಜೀರುಂಡೆ ಕೂಗಿದ ಹಾಗೆ ಆಗ್ತದೆ. ನಿಲ್ಲುವುದೇ ಇಲ್ಲ. ಡಾಕ್ಟರಿಗೆ ಒಮ್ಮೆ ಹೇಳ್ತೀರಾ?"

ಈ ಮದ್ದು ಕಿವಿಗೆ ಬಡಿಯುವುದುಂಟು, ಸದ್ದು ಶುರುವಾಯಿತೆಂದರೆ ಕೂಡಲೇ ತಿಳಿಸಬೇಕು ಎಂದು ಡಾಕ್ಟರು ನನಗೆ ಮೊದಲೇ ಹೇಳಿಕೊಟ್ಟಿದ್ದರು.

"ಅದು ಮದ್ದು ಹಿಡಿದದ್ದು ಟೀಚರೇ," ಎಂದೆ. "ಹೆದರಬೇಡಿ. ಕಮ್ಮಿ ಆಗ್ತದೆ."

ಅವರು ನಂಬಿ ಮಗ್ಗುಲಾಗಿ ಮಲಗಿದರು.

ಆ ದಿನದಿಂದ ಅರ್ಧ ಬಾಟಲಿ ಕೊಡತೊಡಗಿದೆ. ಪ್ರಮಾಣ ಸರಿಯಾಯಿತಲ್ಲ, ಸದ್ದು ತಾನಾಗಿ ಅಡಗುತ್ತದೆ ಎಂದುಕೊಂಡೆ — ಅಲ್ಲ, ಹಾಗೆ ಅಂದುಕೊಳ್ಳಲು ಹಟ ಹಿಡಿದೆ. ಖಾಲಿ ಬಾಟಲಿಗಳನ್ನು ಬಾಲ್ದಿಯಲ್ಲಿ ನೆನೆಹಾಕಿ ಚೀಟಿಗಳನ್ನು ಉಗುರಿನಿಂದ ಕೆರೆದು ತೆಗೆದೆ. ನನಗೆ ಮದುವೆ ನಿಶ್ಚಯವಾಗಿತ್ತು. ಕೆಲಸ ಹೋದರೆ... ಹೌದು, ಮೊದಲು ಯೋಚಿಸಿದ್ದು ಅದನ್ನೇ. ಅವರ ಕಿವಿಯನ್ನು ಯೋಚಿಸಿದ್ದು ಆಮೇಲೆ.

ಎರಡು ವಾರದೊಳಗೆ ಟೀಚರು ಕರೆದರೆ ತಿರುಗಿ ನೋಡುವುದು ನಿಂತಿತು. ಡಾಕ್ಟರು ಅವರ ಬೆನ್ನ ಹಿಂದೆ ನಿಂತು ಕೈ ತಟ್ಟಿದರು. ಇನ್ನೊಮ್ಮೆ ತಟ್ಟಿದರು. ನನ್ನ ಕಡೆ ತಿರುಗಿ, ಎಷ್ಟು ಕೊಡುತ್ತಾ ಇದ್ದೀರಿ ಎಂದು ಕೇಳಿದರು.

"ನೀವು ಬರೆದಷ್ಟೇ, ಡಾಕ್ಟರೇ."

ಆ ದಿನದ ಮಟ್ಟಿಗೆ ಅದು ನಿಜ. ಅದಕ್ಕೇ ಅಷ್ಟು ಸಲೀಸಾಗಿ ಬಾಯಿಗೆ ಬಂತು. ಡಾಕ್ಟರು ನನ್ನ ಮಾತು ನಂಬಿ, ಅಷ್ಟು ಮದ್ದಿಗೆ ಇಷ್ಟು ಬೇಗ ಕಿವಿ ಪೂರ್ತಿ ಹೋಗದು ಎಂದು ರೋಗವೇ ಕಾರಣವೆಂದು ಬರೆದರು. ಆದರೂ ಜಾಗ್ರತೆಗೆಂದು ಇಂಜೆಕ್ಷನ್ ನಿಲ್ಲಿಸಿದರು. ಅಷ್ಟು ಹೊತ್ತಿಗೆ ಉಳಿಸುವುದಕ್ಕೆ ಏನೂ ಇರಲಿಲ್ಲ.

ಆಮೇಲೆ ಹೊಸದಾಗಿ ಬಂದ ಮಾತ್ರೆಗಳಿಂದಲೇ ರೋಗ ಗುಣವಾಯಿತು. ಟೀಚರು ಬದುಕಿದರು. ಶಾಲೆ ಬಿಡಬೇಕಾಯಿತು — ಮಗು ಓದಿದ್ದು ಸರಿಯೋ ತಪ್ಪೋ ಕೇಳದವರು ಹೇಗೆ ಕಲಿಸುವುದು? ತಾಯಿಯೊಡನೆ ಮೆಲ್ಕಾರಿನ ಅಣ್ಣನ ಮನೆ ಸೇರಿ ಬಟ್ಟೆ ಹೊಲಿಯತೊಡಗಿದರು. ಅವರ ಮದುವೆಯ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಆ ತಾಯಿ ಪ್ರತಿ ವರ್ಷ ಬಸ್ಸು ಹತ್ತಿ ಆಸ್ಪತ್ರೆಗೆ ಬರುತ್ತಿದ್ದರು. ಹಲಸಿನ ಹಪ್ಪಳದ ಕಟ್ಟು ನನ್ನ ಮೇಜಿನ ಮೇಲಿಟ್ಟು, ನೀವು ಇಲ್ಲದಿದ್ದರೆ ನನ್ನ ಮಗಳು ಇರುತ್ತಿರಲಿಲ್ಲ ಎಂದು ಕೈ ಹಿಡಿಯುತ್ತಿದ್ದರು. ನಾನು ಕೈ ಬಿಡಿಸಿಕೊಳ್ಳಲಿಲ್ಲ. ಹಪ್ಪಳ ಮನೆಗೆ ಒಯ್ದೆ. ಹೆಂಡತಿ ಕರಿದಳು. ತಿಂದೆ.

ಈ ವರ್ಷ ಅವರು ಬರಲಿಲ್ಲ. ಟೀಚರ ಕಾರ್ಡು ಬಂತು: ಅಮ್ಮನಿಗೆ ಎದ್ದು ನಡೆಯಲಾಗುವುದಿಲ್ಲ, ನಿಮ್ಮನ್ನು ಒಮ್ಮೆ ನೋಡಬೇಕಂತೆ. ಆ ಕಾರ್ಡನ್ನು ಕಿಸೆಯಲ್ಲಿಟ್ಟುಕೊಂಡು ಒಂದು ವಾರ ತಿರುಗಿದೆ. ಕೊನೆಗೆ ಎಲ್ಲವನ್ನೂ ಎರಡು ಹಾಳೆಯಲ್ಲಿ ಬರೆದು, ಆದಿತ್ಯವಾರ ಮೆಲ್ಕಾರಿಗೆ ಹೋಗಿ ಟೀಚರ ಕೈಗೆ ಕೊಟ್ಟೆ. ಹೊಲಿಗೆ ಮೆಷಿನಿನ ಮುಂದೆ ಕೂತು ಓದಿದರು. ಮುಗಿಸಿ, ಮತ್ತೆ ಮೊದಲಿನಿಂದ ಓದಿದರು. ನಾನು ನಿಂತೇ ಇದ್ದೆ. ಆಗ ಅವರ ಮುಖ — ಅದನ್ನು ಬರೆಯುವುದು ನನ್ನಿಂದಾಗದು.

ಹಾಳೆಗಳನ್ನು ನನಗೇ ಹಿಂದೆ ಕೊಟ್ಟರು. ತನ್ನ ಸ್ವರ ತನಗೆ ಕೇಳದವರ ಆ ಗಟ್ಟಿ, ಏರಿಳಿತವಿಲ್ಲದ ದನಿಯಲ್ಲಿ ಹೇಳಿದರು:

"ಅಮ್ಮನಿಗೆ ಓದಲಿಕ್ಕೆ ಬರುವುದಿಲ್ಲ. ನೀವೇ ಹೇಳಿ. ತುಳುವಿನಲ್ಲಿ ಹೇಳಿ."

ಕನ್ನಡದಲ್ಲಿ ಬರೆಯುವಾಗ ಸಿಕ್ಕಿದ್ದ ದೊಡ್ಡ ದೊಡ್ಡ ಮಾತುಗಳು — ಅಚಾತುರ್ಯ, ಪ್ರಮಾದ — ತುಳುವಿನಲ್ಲಿ ಒಂದೂ ಒದಗಲಿಲ್ಲ. ಮುದುಕಿಯ ಚಾಪೆಯ ಪಕ್ಕ ಕೂತು, ಮದ್ದನ್ನು ದುಪ್ಪಟ್ಟು ಕೊಟ್ಟೆ, ಗೊತ್ತಾದ ಮೇಲೂ, ಡಾಕ್ಟರಿಗೆ ಹೇಳಿ ಎಂದು ಟೀಚರು ಕೇಳಿಕೊಂಡ ಮೇಲೂ ಮುಚ್ಚಿಟ್ಟೆ ಎಂದೆ. ಎದುರಿಗೆ ನಿಂತಿದ್ದ ಟೀಚರು ರೆಪ್ಪೆ ಬಡಿಯದೆ ನನ್ನ ತುಟಿಗಳನ್ನೇ ನೋಡುತ್ತಿದ್ದರು.

ಮುದುಕಿ ಒಂದೇ ಒಂದು ಮಾತು ಕೇಳಿದರು. ಇಷ್ಟು ವರ್ಷ ನನ್ನನ್ನು ‘ನೀವು’ ಎನ್ನುತ್ತಿದ್ದವರು ಈಗ ‘ನೀನು’ ಎಂದರು. ಅವಳು ಕೇಳಿಕೊಂಡ ದಿವಸವೇ ನೀನು ಡಾಕ್ಟರಿಗೆ ಹೇಳಿದ್ದರೆ, ಈಗ ನಾನು ಕರೆದದ್ದು ಅವಳಿಗೆ ಕೇಳುತ್ತಿತ್ತಾ?

ಕೇಳುತ್ತಿತ್ತು ಎಂದೆ. ಬಹುಶಃ ಎಂಬ ಮಾತು ನಾಲಗೆಯ ತುದಿಯವರೆಗೆ ಬಂದಿತ್ತು. ಅದನ್ನು ಹೇಳಲಿಲ್ಲ.