ಕಟ್ಟೆಯಿಲ್ಲದ ದಾರಿಗಳು

ಟಿಕ್ ಟಿಕ್ ಟಿಕ್ ಟಿಕ್. ಇಳಿಜಾರಿನಲ್ಲಿ ಪೆಡಲ್ ತುಳಿಯುವುದನ್ನು ಬಿಟ್ಟು ಕಾಲನ್ನು ಸುಮ್ಮನೆ ಇಟ್ಟುಕೊಂಡಾಗ ಸೈಕಲ್ಲಿನ ಹಿಂದಿನ ಚಕ್ರದಿಂದ ಬರುತ್ತದಲ್ಲ, ಆ ಸದ್ದು. ಈಗ ಮನೆಗೊಂದು ಸೈಕಲ್ ಇದೆ, ಅದನ್ನು ಯಾರೂ ಕೇಳಿಸಿಕೊಳ್ಳುವುದಿಲ್ಲ. ನನಗೋ, ಕಿವಿ ಮಂದವಾದ ಮೇಲೂ ಬೀದಿಯ ಆ ಸದ್ದು ಅಡಿಗೆಮನೆಯವರೆಗೆ ಬರುತ್ತದೆ. ಕೈ ನಿಲ್ಲುತ್ತದೆ. ಅಷ್ಟರಲ್ಲಿ ಹಾಲು ಉಕ್ಕಿರುತ್ತದೆ, ಸೊಸೆ ಒಲೆಯನ್ನು ಬೈಯುವ ನೆಪದಲ್ಲಿ ನನ್ನನ್ನು ಬೈಯುತ್ತಾಳೆ.

ಮೊನ್ನೆ ಎದುರುಮನೆಯ ಡ್ರಾಯಿಂಗ್ ಮೇಷ್ಟ್ರು ಬಂದಿದ್ದರು. ಅವರೂ ಅವರ ಸ್ನೇಹಿತರೂ ಸೇರಿ ರಜೆಯಲ್ಲಿ ಸೈಕಲ್ ಟೂರ್ ಮಾಡುತ್ತಾರಂತೆ. “ಹೊಸದುರ್ಗದಿಂದ ಹಿರಿಯೂರಿಗೆ, ಹೊಳಲ್ಕೆರೆಗೆ, ಬಸ್ಸು ಲಾರಿ ಕಾಟ ಇಲ್ದಿರಾ ಕ್ವಯೆಟ್ ರೂಟ್ ಏನಾರ ನಿಮಗೆ ಗೊತ್ತೈತೇನ್ರಮ್ಮಾ?” ಎಂದು ಕೇಳಿದರು.

ಗೊತ್ತೈತೇನ್ರಮ್ಮಾ! ಆ ಸೀಮೆಯ ಒಂದೊಂದು ಸದ್ದಿಲ್ಲದ ದಾರಿಯೂ ನನ್ನ ಕಾಲಿಗೆ ಗೊತ್ತಿದೆ. ಮೇಷ್ಟ್ರಿಗೆ ಹೇಳಿದೆ, ಅವರು ಥ್ಯಾಂಕ್ಸ್ ಹೇಳಿ ಹೋದರು. ಆ ದಾರಿಗಳನ್ನು ನಾವು ಹುಡುಕಿದ್ದು ಯಾಕೆಂದು ಅವರು ಕೇಳಲಿಲ್ಲ. ನೀವು ಕೇಳಿದಿರೆಂದು ಇಟ್ಟುಕೊಂಡು ಹೇಳುತ್ತೇನೆ.

ನಮ್ಮಪ್ಪ ಹೊಸದುರ್ಗದಲ್ಲಿ ಕೊಬ್ಬರಿ ವ್ಯಾಪಾರಿ. ಮಾರಿಕಣಿವೆಯ ಅಣೆಕಟ್ಟಿನ ಕೆಲಸ ಮುಗಿದು ಅಲ್ಲಿದ್ದ ಒಬ್ಬ ಇಂಗ್ಲಿಷ್ ಎಂಜಿನಿಯರ್ ಗಂಟುಮೂಟೆ ಕಟ್ಟಿದಾಗ, ಅವನ ಹೆಂಡತಿಯ ಲೇಡೀಸ್ ಬೈಸಿಕಲ್ ಹೇಗೋ ನಮ್ಮ ಕೊಬ್ಬರಿ ಉಗ್ರಾಣಕ್ಕೆ ಬಂತು. ಅಪ್ಪ ಅದನ್ನು ತಂದದ್ದು ತಾವು ಸವಾರಿ ಮಾಡಲು. ಮೊದಲ ದಿನವೇ ಪಂಚೆ ಚೈನಿಗೆ ಸಿಕ್ಕಿ ಸಂತೆಯವರ ಮುಂದೆ ಬಿದ್ದರು. ಆಮೇಲೆ ಅದು ಕೊಬ್ಬರಿ ಚೀಲಗಳ ಹಿಂದೆ ಗೋಡೆಗೆ ಒರಗಿತು. ಅಲ್ಲಿಂದ ಅದನ್ನು ಈಚೆಗೆ ಎಳೆದವಳು ಗೌರಕ್ಕ.

ಗೌರಕ್ಕ ನನ್ನ ಒಡಹುಟ್ಟಿದ ಅಕ್ಕ. ಮನೆಯಿಂದ ಒಬ್ಬಳನ್ನು ಬೆಂಗಳೂರಿನ ಕಾನ್ವೆಂಟಿಗೆ ಕಳಿಸುವುದೆಂದು ತೀರ್ಮಾನವಾದಾಗ, ಅವಳು ದೊಡ್ಡವಳು, ಅವ್ವನ ಕೆಲಸಕ್ಕೆ ಬೇಕಾದವಳು ಎಂದು ನನ್ನನ್ನು ಕಳಿಸಿದರು. ನನಗೆ ಅಲ್ಲಿ ಪಿಯಾನೋ ಹತ್ತಲಿಲ್ಲ, ನೀಡಲ್‌ವರ್ಕ್ ಹತ್ತಲಿಲ್ಲ. ಹತ್ತಿದ್ದು ಡಿಪೋರ್ಟ್‌ಮೆಂಟ್ ಒಂದೇ, ಎಂದರೆ ತಲೆಯ ಮೇಲೆ ಪುಸ್ತಕವಿಟ್ಟುಕೊಂಡು ಬೀಳದಂತೆ ನಡೆಯುವ ವಿದ್ಯೆ. ನಮ್ಮೂರಿನ ಹೆಂಗಸರು ಕೊಡದ ಮೇಲೆ ಕೊಡವಿಟ್ಟು, ಸೊಂಟದಲ್ಲಿ ಕೂಸನ್ನೂ ಹೊತ್ತು ಇದನ್ನೇ ಮಾಡುತ್ತಿದ್ದರು, ಫೀಸಿಲ್ಲದೆ. ರಜೆಗೆ ಬಂದವಳು ತೆಂಗಿನ ತೋಟದಲ್ಲಿ ಸೈಕಲ್ ಕಲಿಯುತ್ತಿದ್ದ ಅಕ್ಕನಿಗೆ ಕಾನ್ವೆಂಟಿನ ಸಿಸ್ಟರುಗಳ ಗತ್ತಿನಲ್ಲಿ “ಬ್ಯಾಕ್ ಸ್ಟ್ರೇಟ್! ಚಿನ್ ಅಪ್!” ಎಂದು ಕೂಗಿದೆ. ಚಿನ್ ಎಂದರೆ ಗದ್ದವೆಂದು ಮೊದಲೇ ಹೇಳಿಕೊಟ್ಟಿದ್ದೆ. ಅಕ್ಕ ನೆಟ್ಟಗೆ ಹೋಗಿ ಮರಕ್ಕೆ ಗುದ್ದಿದಳು.

“ಲೇ ಗಿರಿಜಾ, ನಿಮ್ಮ ಸಿಸ್ಟರಮ್ಮಂಗೆ ಹೇಳು, ಗದ್ದ ಮ್ಯಾಲೆತ್ತಿದ್ರೆ ಮರ ಕಾಣಾದಿಲ್ಲ ಅಂತ,” ಎಂದು ಮೊಣಕೈಗೆ ಉಫ್ ಎಂದು ಊದಿಕೊಳ್ಳುತ್ತಾ ಎದ್ದಳು. ಆ ರಜೆ ಮುಗಿಯುವುದರೊಳಗೆ ಇಬ್ಬರೂ ಕಲಿತೆವು, ಅವಳು ನನಗಿಂತ ಚೆನ್ನಾಗಿ ಓಡಿಸುತ್ತಿದ್ದಳು.

ಇನ್ನು ಕಟ್ಟೆಯ ವಿಷಯ. ಅದನ್ನು ಹೇಳದೆ ಮುಂದೆ ಹೋಗುವಂತಿಲ್ಲ, ಆಗಲೂ ಹೋಗುವಂತಿರಲಿಲ್ಲ. ನಮ್ಮ ಕಡೆ ಪ್ರತಿ ಊರಿನ ಮುಂದೆ ಅರಳಿಯ ಕೆಳಗೋ ಬೇವಿನ ಕೆಳಗೋ ಒಂದು ಕಲ್ಲುಕಟ್ಟೆ, ಅದರ ಮೇಲೆ ಊರ ಹಿರಿಯರು. ಅವರೆದುರು ಯಾರೂ ಏರಿದ್ದನ್ನು ಏರಿಕೊಂಡೇ ಹಾದುಹೋಗಬಾರದು. ಕುದುರೆಯಿರಲಿ ಬಂಡಿಯಿರಲಿ ಸೈಕಲ್ಲಿರಲಿ, ಇಳಿದು ನಡೆಸಿಕೊಂಡು ಹೋಗಬೇಕು. ಹೆಂಗಸಾದರೆ ಚಪ್ಪಲಿಯನ್ನೂ ಕಳಚಿ ಕೈಯಲ್ಲಿ ಹಿಡಿಯಬೇಕು. ಚಿತ್ರದುರ್ಗದ ಪಾಳೆಯಗಾರರ ಕಾಲದಲ್ಲಿ ಕೋಟೆ ಬಾಗಿಲಲ್ಲಿ ಕುದುರೆ ಇಳಿಯುತ್ತಿದ್ದ ರೂಢಿಯೇ ಊರೂರಿಗೆ ಹಬ್ಬಿತೆಂದು ಅಪ್ಪ ಹೇಳುತ್ತಿದ್ದರು. ಪಾಳೆಯಗಾರರು ಹೋದರು, ಕುದುರೆಗಳು ಹೋದವು, ಕೋಟೆಯೊಳಗೆ ಸೀತಾಫಲದ ಗಿಡ ಎದ್ದಿತು. ಇಳಿಯುವುದು ಮಾತ್ರ ಉಳಿಯಿತು. ಎಂಪೈರ್‌ಗಳು ಬಿದ್ದಷ್ಟು ಸುಲಭವಾಗಿ ಎಟಿಕೆಟ್ ಬೀಳುವುದಿಲ್ಲ.

ಮಾರಿಕಣಿವೆಯ ಹತ್ತಿರ ನಮ್ಮ ಸೋದರತ್ತೆಯ ಮನೆಯಿತ್ತು. ಅಲ್ಲಿಗೆ ಸೈಕಲ್ಲಿನಲ್ಲಿ ಹೋಗುತ್ತೇವೆಂದು ಅಕ್ಕ ಹಟ ಹಿಡಿದಾಗ ಅಪ್ಪ, “ಹೋಗ್ರಿ, ಯಾರ ಕಣ್ಣಿಗೂ ಬೀಳ್ದಂಗೆ ಹೋಗ್ರಿ,” ಎಂದರು. ನಮ್ಮ ಕ್ವಯೆಟ್ ರೂಟುಗಳು ಹುಟ್ಟಿದ್ದು ಹಾಗೆ. ಚಿತ್ರದುರ್ಗದ ದೊಡ್ಡ ರಸ್ತೆ ನಮಗಲ್ಲ, ಅಲ್ಲಿ ಕಟ್ಟೆಯಿಂದ ಕಟ್ಟೆಗೆ ತಳ್ಳುವುದೇ ಆಗುತ್ತದೆ. ಹೊಳಲ್ಕೆರೆಯ ಕಡೆ ಗುಡ್ಡದ ಬಗಲಲ್ಲಿ ಹೋಗುವ ಬಂಡಿ ಜಾಡು, ಕಣಿವೆಯ ಕಡೆ ಕುರಿ ಅಡ್ಡಾಡಿ ಮಾಡಿದ ಹಾದಿ, ಕೆರೆ ಏರಿಯ ಮೇಲಿನ ಮಣ್ಣುದಾರಿ, ಇವು ನಮ್ಮವು. ಸೈಕಲ್ ಒಂದೇ. ಒಬ್ಬಳು ಮುಂದೆ ಹೋಗಿ ಒಂದು ಮರಕ್ಕೆ ಅದನ್ನು ಒರಗಿಸಿ ನಡೆಯತೊಡಗುವುದು, ಹಿಂದೆ ನಡೆದು ಬಂದವಳು ಅದನ್ನು ಹತ್ತಿ ಅವಳನ್ನು ದಾಟುವುದು. ದಾರಿಯಲ್ಲಿ ಸಿಗುತ್ತಿದ್ದವರು ಕುರಿ ಕಾಯುವವರಷ್ಟೆ. ಅವರಿಗೆ ನಾವು ಇಳಿಯಬೇಕಾಗಿರಲಿಲ್ಲ. “ಗಂಟೆ ಬಾರಿಸ್ಬ್ಯಾಡ್ರವ್ವಾ, ಮರಿ ಬೆದರ್ತವೆ. ಹಂಗೇ ತೇಲ್ಕಂಡು ಹೋಗ್ರಿ!” ಎಂದು ಕೂಗಿ ಕುರಿಗಳನ್ನು ಪಕ್ಕಕ್ಕೆ ಹೊಡೆಯುತ್ತಿದ್ದರು. ತೇಲಿಕೊಂಡು ಹೋಗಿರೆಂದು ನಮಗೆ ಜನ್ಮದಲ್ಲಿ ಹೇಳಿದವರು ಅವರೊಬ್ಬರೇ.

ಆ ವರ್ಷ ಅಕ್ಕನಿಗೆ ಜವನಗೊಂಡನಹಳ್ಳಿಯಲ್ಲಿ ಗಂಡು ಗೊತ್ತಾಯಿತು. ವೀಳ್ಯ ಬದಲಾಯಿಸಿಯೂ ಆಯಿತು. ಅಕ್ಕ ಅಪ್ಪನೆದುರು ನಿಂತು ಒಂದೇ ಮಾತು ಕೇಳಿದಳು: “ನಂಗೆ ಕಾಸಿನ ಸರ ಬ್ಯಾಡ. ಸೈಕಲ್ ಕೊಟ್ಟು ಕಳ್ಸು.” ಸರ ಉಳಿಯಿತಲ್ಲ ಎಂದು ಅಪ್ಪ ಕೂಡಲೇ ಒಪ್ಪಿದರು. ಆ ದಿನ ಅಕ್ಕ ಕೊಬ್ಬರಿ ಎಣ್ಣೆ ಹಚ್ಚಿ ಸೈಕಲ್ಲಿನ ಕಡ್ಡಿ ಕಡ್ಡಿಯನ್ನೂ ಒರೆಸಿದಳು.

ಮದುವೆಗೆ ಮುಂಚೆ ಸೋದರತ್ತೆಯ ಮನೆಗೆ ಕೊನೆಯ ಸಲವೆಂದು ಹೊರಟೆವು. ನಮ್ಮ ಆ ದಾರಿಯಲ್ಲಿ ಒಂದೇ ಒಂದು ಕಟ್ಟೆಯಿತ್ತು, ಗುಡ್ಡದಿಂದ ಇಳಿಯುವ ಉದ್ದನೆಯ ಇಳಿಜಾರಿನ ಬುಡದಲ್ಲಿ. ಇಡೀ ಇಳಿಜಾರು ಕಟ್ಟೆಯವರಿಗೆ ಕಾಣುವುದರಿಂದ ಪ್ರತಿ ಸಲವೂ ನಾವು ಗುಡ್ಡದ ಮೇಲೆಯೇ ಇಳಿದು, ಅಷ್ಟು ಸೊಗಸಾದ ಇಳಿಜಾರನ್ನು ತಳ್ಳಿಕೊಂಡೇ ಮುಗಿಸುತ್ತಿದ್ದೆವು. ಉಣ್ಣಲು ಕೂತ ಮೇಲೆ ಎಲೆ ಕಿತ್ತುಕೊಂಡ ಹಾಗೆ. ಅವತ್ತು ಸೈಕಲ್ ಅಕ್ಕನ ಸರದಿ. ನಾನು ಹಿಂದೆ ನಡೆದು ಬಂದು ಗುಡ್ಡದ ನೆತ್ತಿ ತಲುಪಿದಾಗ ಅವಳು ಸೈಕಲ್ಲಿನಿಂದ ಇಳಿದಿರಲಿಲ್ಲ. ಟಿಕ್ ಟಿಕ್ ಟಿಕ್ ಎಂಬ ಸದ್ದು ಕೆಳಗಿನಿಂದ ಬರುತ್ತಿತ್ತು. ಸೆರಗು ಹಿಂದಕ್ಕೆ ಹಾರುತ್ತಿತ್ತು. ಅಕ್ಕ ಕಟ್ಟೆಯ ಮುಂದೆ ಗದ್ದ ಮೇಲೆತ್ತಿಕೊಂಡು, ಬೆನ್ನು ನೆಟ್ಟಗಿಟ್ಟುಕೊಂಡು ಹಾದುಹೋದಳು. ಸಿಸ್ಟರುಗಳು ನೋಡಿದ್ದರೆ ಫುಲ್ ಮಾರ್ಕ್ಸ್ ಕೊಡುತ್ತಿದ್ದರು.

ನೋಡಿದವರು ಬೇರೆ. ಕಟ್ಟೆಯ ಮೇಲಿದ್ದ ಗೌಡರು ಗಂಡಿನ ಸೋದರಮಾವ.

ವಾರ ತುಂಬುವುದರೊಳಗೆ ನಮ್ಮ ಪಡಸಾಲೆಯಲ್ಲಿ ಹಿರಿಯರು ಕೂತರು. ಗೌಡರು ಕೆಟ್ಟವರೇನಲ್ಲ, ಅದನ್ನು ಹೇಳಲೇಬೇಕು. ಸಂಬಂಧ ಮುರಿಯುವುದು ಅವರಿಗೂ ಬೇಡವಾಗಿತ್ತು. ತಾವೇ ದಾರಿ ಮಾಡಿಕೊಟ್ಟರು. “ಬ್ರೇಕು ಹಿಡ್ದಿರಕಿಲ್ಲ, ಹುಡುಗಿ ಏನ್ ಮಾಡ್ತಾಳೆ? ಅಲ್ವೇನವ್ವಾ? ಹೂಂ ಅನ್ನು, ಮಾತು ಮುಗೀತು.”

ಅಪ್ಪ ಕಣ್ಣಲ್ಲೇ ಬೇಡಿಕೊಂಡರು. ಅವ್ವ ಬಾಗಿಲ ಹಿಂದಿನಿಂದ ಅಕ್ಕನ ಬೆನ್ನಿಗೆ ತಿವಿದಳು.

“ಬ್ರೇಕು ಚೆನ್ನಾಗೈತ್ರಿ ಗೌಡ್ರೆ,” ಎಂದಳು ಅಕ್ಕ. “ಇಳಿಜಾರು ಅದಕ್ಕಿಂತ ಚೆನ್ನಾಗಿತ್ತು.”

ಗೌಡರು ಬಾಯೊಳಗಿನ ಎಲೆಯಡಿಕೆ ಉಗಿದು ಬಂದು ಕೂತರು. ಆಮೇಲೆ ಕೆಮ್ಮಿ, ನಿಧಾನವಾಗಿ ತೀರ್ಪು ಹೇಳಿದರು: ಹುಡುಗಿ ಬರಲಿ, ಸೈಕಲ್ಲೂ ಬರಲಿ, ಆದರೆ ಹುಡುಗಿ ಸೈಕಲ್ ಹತ್ತಕೂಡದು. ಅದು ಅಳಿಯನದು. ಅಪ್ಪ ಎರಡೂ ಕೈ ಮುಗಿದರು. ಮರ್ಯಾದೆ ಎರಡು ಕಡೆಗೂ ಉಳಿಯಿತೆಂದು ಎಲ್ಲರೂ ಪಾಯಸ ಉಂಡು ಎದ್ದರು. ಬಡಿಸಿದವಳು ಅಕ್ಕನೇ.

ಒಂದು ಸುಳ್ಳು ಹೇಳಿದ್ದರೆ ಸೈಕಲ್ ಅವಳಿಗೆ ಉಳಿಯುತ್ತಿತ್ತು. ಇದನ್ನು ನಾನು ಎಷ್ಟೋ ವರ್ಷ ಲೆಕ್ಕ ಹಾಕಿದ್ದೇನೆ. ಸುಳ್ಳು ಹೇಳಿ ಉಳಿಸಿಕೊಂಡ ಸೈಕಲ್ಲನ್ನಾದರೂ ಪ್ರತಿ ಕಟ್ಟೆಗೂ ಇಳಿದೇ ತಳ್ಳಬೇಕಿತ್ತಲ್ಲ. ಕಾನ್ವೆಂಟಿನಲ್ಲಿ ನಮಗೆ ಟ್ರೂತ್ ಎಂಬ ವಿಷಯದ ಮೇಲೆ ಎಸ್ಸೇ ಬರೆಸಿದ್ದರು, ನನಗೆ ಪ್ರೈಜ್ ಬಂದಿತ್ತು. ಆ ಪ್ರೈಜಿನ ನೆನಪಾದಾಗಲೆಲ್ಲ ಬಾಯಿ ಕಹಿಯಾಗುತ್ತದೆ.

ಮುಂದೆ ನನಗೂ ಮದುವೆಯಾಗಿ ಬೆಂಗಳೂರು ಸೇರಿದೆ. ಎಷ್ಟೋ ವರ್ಷದ ಮೇಲೆ ಒಂದು ಸಲ, ಸೋದರತ್ತೆಯ ಮನೆಯಿಂದ ಹೊಸದುರ್ಗಕ್ಕೆ ಅದೇ ದಾರಿಯಲ್ಲಿ ಕಮಾನು ಬಂಡಿಯಲ್ಲಿ ಬರುತ್ತಿದ್ದೆ. ಕಟ್ಟೆಯ ಮುಂದೆ ನಾನೂ ಇಳಿದು ನಡೆದಿದ್ದೆ. ಗುಡ್ಡ ಹತ್ತಿದ ಮೇಲೆ ನೆತ್ತಿಯಲ್ಲಿ ಎತ್ತು ಉಸಿರು ತೆಗೆದುಕೊಳ್ಳಲೆಂದು ಬಂಡಿ ನಿಂತಿತ್ತು. ಎದುರಿನಿಂದ ಬಂದ ಭಾವ, ಅಕ್ಕನ ಗಂಡ, ನನ್ನನ್ನು ಗಮನಿಸದೆ ಅದೇ ಸೈಕಲ್ಲಿನಲ್ಲಿ ಇಳಿಜಾರಿಗೆ ಇಳಿದರು. ಬಹಳ ಹೊತ್ತಿಗೆ ಹಿಂದಿನಿಂದ, ತಲೆಯ ಮೇಲೆ ಗಂಟು ಹೊತ್ತ ಅಕ್ಕ ನಡೆದು ಬಂದಳು. ತವರಿನಿಂದ ಊರಿಗೆ ಹಿಂದಿರುಗುತ್ತಿದ್ದರು. ಬೆನ್ನು ಮಾತ್ರ ಹಾಗೇ ನೆಟ್ಟಗಿತ್ತು.

“ಬಂಡಿ ಹತ್ತು ಅಕ್ಕ, ನಿಮ್ಮೂರಿನ ತನಕ ತಿರುಗಿಸ್ತೀನಿ,” ಎಂದೆ.

“ಬ್ಯಾಡ ಬಿಡೇ. ಕಟ್ಟೆ ಬಂದ್ರೆ ಹೆಂಗೂ ಇಳೀಬೇಕು.”

ಕೆಳಗಿನಿಂದ ಕಿರ್ರ್ ಎಂದು ಸದ್ದು ಬಂತು. ಭಾವ ಇಳಿಜಾರಿನುದ್ದಕ್ಕೂ ಬ್ರೇಕ್ ಒತ್ತಿಕೊಂಡೇ ಹೋಗುತ್ತಿದ್ದರು. ಕಟ್ಟೆ ಬಂತು. ಅವರು ಇಳಿಯಲಿಲ್ಲ, ಸೀಟಿನ ಮೇಲಿಂದಲೇ ಕೈಯೆತ್ತಿದರು. ಕಟ್ಟೆಯ ಮೇಲಿದ್ದ ಯಾರೋ ತಿರುಗಿ ಕೈಯೆತ್ತಿದರು. ಕಾಲ ಬದಲಾಗಿತ್ತು.

“ನೋಡೇ ಅದನ್ನ,” ಎಂದಳು ಅಕ್ಕ. “ಇಂಥಾ ಇಳಿಜಾರ್ನಾಗೆ ಬ್ರೇಕ್ ಹಿಡ್ಕಂಡು ಹೋಗ್ತಾರಲ್ಲೇ!” ಗಂಟು ಅಲುಗಾಡುವಷ್ಟು ನಕ್ಕಳು. ಕಣ್ಣು ಒರೆಸಿಕೊಂಡು, ನನ್ನ ಕೆನ್ನೆ ಮುಟ್ಟಿ ಹೊರಟಳು.

ಆ ಚಳಿಗಾಲದ ಜ್ವರದಲ್ಲಿ ಅಕ್ಕ ತೀರಿಹೋದಳು, ಆದ್ದರಿಂದ ನಾನು ಅವಳನ್ನು ನೋಡಿದ್ದು ಅದೇ ಕೊನೆ. ಬಂಡಿಯ ಹಿಂಬದಿಯಿಂದ ನೋಡುತ್ತಲೇ ಇದ್ದೆ. ಸ್ವಲ್ಪ ದೂರ ನಡೆದಳು. ಆಮೇಲೆ ಗಂಟನ್ನು ಕಂಕುಳಿಗೆ ಇಳಿಸಿ, ಬಗ್ಗಿ ಚಪ್ಪಲಿ ಕಳಚಿಕೊಂಡಳು. ಕಟ್ಟೆ ಇನ್ನೂ ಎಷ್ಟೋ ದೂರವಿತ್ತು. ಕಳಚಿಕೊಂಡವಳು ಓಡತೊಡಗಿದಳು. ಇಳಿಜಾರು ಅವಳನ್ನು ಎಳೆದುಕೊಂಡು ಹೋಯಿತು, ಸೆರಗು ಹಿಂದಕ್ಕೆ ಹಾರಿತು. ಕಟ್ಟೆಯ ಮುಂದೆಯೂ ನಿಲ್ಲದೆ ಅಕ್ಕ ಓಡಿಯೇ ಹಾದುಹೋದಳು. ಚಪ್ಪಲಿ ಕೈಯಲ್ಲೇ ಇತ್ತು, ಹಿರಿಯರು ತಪ್ಪು ಹಿಡಿಯುವಂಥದ್ದೇನೂ ಇರಲಿಲ್ಲ.