ನಾಯಿಯ ಆಪರೇಷನ್ನಿಗೆ ಮುಂಚಿತ ಅನುಮತಿ

ನಮ್ಮ ಯಜಮಾನರು ದೆಹಲಿಯಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ನೌಕರರ ವೈದ್ಯಕೀಯ ಬಿಲ್ಲುಗಳನ್ನು ನೋಡುವ ವಿಭಾಗದಲ್ಲಿದ್ದರು. ನೋಡುವುದೆಂದರೆ ಹೆಚ್ಚಾಗಿ ವಾಪಸ್ಸು ಕಳಿಸುವುದು. ಎದೆನೋವೆಂದು ಆಸ್ಪತ್ರೆಗೆ ಓಡಿದವರನ್ನೂ "ಮುಂಚಿತ ಅನುಮತಿ ಎಲ್ಲಿ?" ಎಂದು ಕೇಳಿ ಬೈಸಿಕೊಂಡ ಮನುಷ್ಯ. ಇಂಥವರ ಪೀತಮ್‌ಪುರದ ಮನೆಗೆ, ಮಗಳ ಹಟಕ್ಕೆ, ಒಂದು ಪುಟ್ಟ ಬಿಳಿ ಹೆಣ್ಣುನಾಯಿ ಬಂತು. ಅದರ ಹಿಂದೆಯೇ ಅದರ ವಿಮೆಯೂ ಬಂತು. ಎರಡು ಸಾವಿರನೇ ಇಸವಿಯ ಆಚೀಚೆಯ ಆ ದಿನಗಳಲ್ಲಿ ನಾಯಿಗೂ ವಿಮೆಯೇ ಎಂದು ಅಕ್ಕಪಕ್ಕದವರು ನಕ್ಕರು. ಇವರು ನಗಲಿಲ್ಲ. ಪಾಲಿಸಿಯನ್ನು ಫೈಲಿಗೆ ಸೇರಿಸಿ, ಟ್ಯಾಗು ಕಟ್ಟಿ, ಪುಟಗಳಿಗೆ ನಂಬರು ಹಾಕಿದರು.

ನಾಯಿ ಡಾಕ್ಟರು ನಮ್ಮ ಈ ಬಿಳಿ ನಾಯಿಯನ್ನು ಪರೀಕ್ಷೆ ಮಾಡಿ, ಸೊಂಟ ತೀರಾ ಸಣ್ಣದು, ಮರಿಯಾದರೆ ಜೀವಕ್ಕೇ ಅಪಾಯ, ಬೆದೆಗೆ ಬರುವ ಮೊದಲೇ ಮರಿಯಾಗದ ಹಾಗೆ ಆಪರೇಷನ್ ಮಾಡಿಸಿಬಿಡಿ ಎಂದರು. ಇವರು ತಲೆಯಾಡಿಸಿ ಮನೆಗೆ ಬಂದು ವಿಮಾ ಕಂಪನಿಗೆ ಅರ್ಜಿ ಬರೆಯಲು ಕೂತರು, ಮೂರು ಪ್ರತಿಯಲ್ಲಿ.

"ಏನ್ರೀ ಇದು? ಏಜೆಂಟಿಗೆ ಒಂದು ಫೋನ್ ಮಾಡಿ ಕೇಳಿದ್ರೆ ಆಗಲ್ವಾ?" ಅಂದೆ.

"ಕೇಳ್ದೆ. ಇದಕ್ಕೆಲ್ಲಾ ಸಿಗಲ್ಲ ಸಾಹಬ್ ಅಂದ. ಬಾಯಲ್ಲಿ ಹೇಳಿದ್ದಕ್ಕೆ ಏನೇ ಬೆಲೆ? ಬರವಣಿಗೇಲಿ ಕೊಡ್ಲಿ."

"ಪಾಪಾ, ಪ್ಲೀಸ್, ಕರಾ ದೋ ನಾ," ಎಂದು ಮಗಳು ಅಂಗಲಾಚಿದಳು. "ಮಾಡಿಸ್ಬಿಡಿ. ಡಾಕ್ಟರ್ ಹೇಳಿದ್ದು ಕೇಳ್ಲಿಲ್ವಾ?"

"ಅನುಮತಿ ಬರ್ಲಿ ಪುಟ್ಟಾ."

ದುಡ್ಡಿನ ಆಸೆ ಇವರಿಗೆ ಇರಲಿಲ್ಲ, ಅದನ್ನು ಹೇಳಲೇಬೇಕು. ಇಷ್ಟು ವರ್ಷ ಊರವರಿಗೆಲ್ಲ ಕೇಳಿದ ಪ್ರಶ್ನೆಯನ್ನು ಯಾರಾದರೂ ತಮಗೇ ಕೇಳಿಬಿಟ್ಟರೆ ಎಂಬ ಹೆದರಿಕೆ ಅಷ್ಟೆ. ಎರಡು ವಾರವಾದ ಮೇಲೆ ಜ್ಞಾಪನಾ ಪತ್ರ ಹೋಯಿತು. ಇನ್ನೊಂದು ವಾರಕ್ಕೆ ಎರಡನೆಯದು. ನಾಯಿಗೂ ಒಂದು ನಕಲು ಕೊಡಿ, ಬೆದೆಗೆ ಬರುವುದನ್ನು ಮುಂದೂಡಲಿ ಎಂದು ನಾನು ರೇಗಿಸಿದೆ. ಅವಳು ಮುಂದೂಡಲಿಲ್ಲ. ಗೇಟಿನ ಹೊರಗೆ ಬೀದಿನಾಯಿಗಳ ದರ್ಬಾರು ಶುರುವಾಯಿತು. ನಾವು ಗೇಟಿಗೆ ಬೀಗ ಜಡಿದು ಕಾದೆವು.

ಕಂಪನಿಯ ಉತ್ತರ ರಿಜಿಸ್ಟರ್ಡ್ ಅಂಚೆಯಲ್ಲೇ ಬಂತು. ಇವರು ಖುಷಿಯಿಂದ ಬೀಗ ತೆಗೆದು, ಅಂಚೆಯವನ ಚೀಟಿಗೆ ಸಹಿ ಹಾಕಿ, ಅಲ್ಲೇ ನಿಂತು ಲಕೋಟೆ ಬಿಡಿಸಿದರು. ಮರಿಯಾಗದ ಹಾಗೆ ಮಾಡಿಸುವುದು ಕಾಯಿಲೆಯ ಚಿಕಿತ್ಸೆಯಲ್ಲ, ಮಾಲೀಕರ ಇಚ್ಛೆ, ಆದ್ದರಿಂದ ವಿಮೆಗೆ ಬರುವುದಿಲ್ಲ ಎಂದಿತ್ತು. ಅದನ್ನು ಅವರು ಎರಡನೇ ಸಲ ಓದಿ ಮುಗಿಸುವ ಹೊತ್ತಿಗೆ ನಾಯಿ ತೆರೆದ ಗೇಟಿನಿಂದ ಆಚೆ ಹೋಗಿ, ಹಾಲಿನ ಬೂತಿನ ಹತ್ತಿರದ ಕಂದು ನಾಯಿಯ ಜೊತೆ ಸೇರಿಯಾಗಿತ್ತು.

ಆಗಲೂ ಆಪರೇಷನ್ ಮಾಡಿಸಬಹುದಿತ್ತು; ಇವರು ಮರುಪರಿಶೀಲನೆಗೆ ಅರ್ಜಿ ಹಾಕಿ ಮತ್ತೆ ಉತ್ತರಕ್ಕೆ ಕಾದರು. ಎರಡು ತಿಂಗಳ ಮೇಲೆ ಒಂದು ಭಾನುವಾರ ಮಧ್ಯಾಹ್ನ ನಾಯಿಗೆ ಹೆರಿಗೆ ನೋವು ಬಂತು. ಮರಿ ಬರಲಿಲ್ಲ. ಅವಳು ಕೂಗುವುದನ್ನೂ ಬಿಟ್ಟು ಇವರ ಮುಖವನ್ನೇ ನೋಡುತ್ತಾ ಮಲಗಿಬಿಟ್ಟಳು. ಬನಿಯನ್ನಿನಲ್ಲೇ ಅವಳನ್ನು ಎತ್ತಿಕೊಂಡು ಇವರು ಆಟೋ ಹತ್ತಿದರು. ಡಾಕ್ಟರು ಹೊಟ್ಟೆ ಕೊಯ್ಯಬೇಕು, ಗರ್ಭಕೋಶವನ್ನೂ ತೆಗೆಯಬೇಕು ಎಂದಾಗ, ಕಾಗದವನ್ನು ಓದದೆಯೇ ಸಹಿ ಹಾಕಿದರು. ಎರಡು ಮರಿಗಳೂ ಸತ್ತಿದ್ದವು. ತಾಯಿ ಉಳಿದಳು.

ಮಾರನೆಯ ವಾರ ಏಜೆಂಟೇ ಫೋನು ಮಾಡಿ, ಇದು ಜೀವ ಉಳಿಸಲು ಮಾಡಿದ್ದು, ಕ್ಲೇಮು ಹಾಕಿ ನೋಡಿ, ಆಗಬಹುದು ಎಂದ. ನಾನೇ ಫಾರಂ ತಂದು ಇವರ ಮುಂದಿಟ್ಟೆ. ಹೊಲಿಗೆ ಹಾಕಿದ ಹೊಟ್ಟೆಯ ನಾಯಿ ಇವರ ಪಾದದ ಮೇಲೆ ತಲೆಯಿಟ್ಟು ಮಲಗಿತ್ತು. ದುಂಡಗಿನ ಅಕ್ಷರದಲ್ಲಿ ಒಂದೊಂದೇ ಕಾಲಂ ತುಂಬುತ್ತಾ ಬಂದು, 'ಶಸ್ತ್ರಚಿಕಿತ್ಸೆಗೆ ಕಾರಣ' ಎಂಬಲ್ಲಿ ಪೆನ್ನು ನಿಲ್ಲಿಸಿದರು.

"ಇಲ್ಲಿ ಏನು ಬರೀಲೇ? ನಾನೇ ಅಂತ ಬರೀಲಾ?"

ಮಾತುಮಾತಿಗೂ ಅವರನ್ನು ಗೇಲಿ ಮಾಡುತ್ತಿದ್ದ ನಾನು ಬಗ್ಗಿ ನಾಯಿಯ ತಲೆ ಸವರಿದೆ. ಅವರು ಪೆನ್ನಿನ ಟೋಪಿ ಹಾಕಿ, ಫಾರಂ ಅನ್ನು ನಾಲ್ಕಾಗಿ ಹರಿದರು.