ಬೆಚ್ಚಿದರೆ ಮೆಚ್ಚಿದಳು ಎನ್ನುವವರು

ದಾರಿಯಲ್ಲಿ ಹೆಂಗಸರೆದುರು ಬಟ್ಟೆ ಸರಿಸಿ ನಿಲ್ಲುವ ಗಂಡಸರ ತಲೆಯೊಳಗೇನಿದೆ ಎಂದು ತಂಗಿಯ ಮಗಳು ಮನಃಶಾಸ್ತ್ರದಲ್ಲಿ ಸಂಶೋಧನೆಗೆ ಹೊರಟಳು. ತಂಗಿ ಬಿಡಲೊಲ್ಲಳು. ಮಗಳಿಗೆ ಬುದ್ಧಿ ಹೇಳಲು ನನ್ನನ್ನು ಅರಸೀಕೆರೆಯಿಂದ ಬಾಣಾವರಕ್ಕೆ ಕರೆಸಿದಳು. ಕೊಬ್ಬರಿ ವ್ಯಾಪಾರದಲ್ಲಿ ಮೇಲೆ ಬಂದವಳು ನಾನು, ಸಲಹೆಗೆ ಸದಾ ಸಿದ್ಧ.

"ಅವ್ರಲ್ಲಿ ಕೆಲವ್ರು, ಹೆಂಗಸು ಬೆಚ್ಚಿಬಿದ್ರೆ ಮೆಚ್ಚಿದ್ಲು ಅಂದ್ಕೋತಾರೆ ದೊಡ್ಡಮ್ಮ," ಎಂದಳು ಹುಡುಗಿ.

"ಥೇಟ್ ನಮ್ಮ ದಲ್ಲಾಳಿ ಕಣೇ! ಅವನ ದರ ಕೇಳಿ ನಾನು ಬೆಚ್ಚಿ ಬಾಯಿ ಬಿಟ್ರೆ, ಒಪ್ಪಿದ್ಲು ಅಂತ ಕೊಬ್ಬರಿ ತೂಕಕ್ಕೆ ಹಾಕ್ತಾನೆ."

ತಂಗಿ ನಕ್ಕಳು. ಆಮೇಲೆ ಮೆಲ್ಲಗೆ, "ಜಾವಗಲ್ ಬಸ್‌ಸ್ಟ್ಯಾಂಡಲ್ಲಿ ನಂಗೂ ಅಂಥವನೊಬ್ಬ ಸಿಕ್ಕಿದ್ದ. ನಂದೇ ಏನೋ ತಪ್ಪು ಅಂತ ಇಷ್ಟು ವರ್ಷ ಯಾರಿಗೂ ಹೇಳಿಲ್ಲ," ಎಂದಳು.

ಮಗಳು ಅಮ್ಮನ ಕೈ ಹಿಡಿದಳು.

"ಈಗ್ಲಾದ್ರೂ ಕಳಿಸ್ತೀಯೇನೇ?" ಎಂದೆ.

"ಕಳಿಸ್ದೆ ಇರ್ತೀನಾ ಅಕ್ಕ? ಮೊದ್ಲು ನನ್ನ ಕತೇನೇ ಬರ್ಕೊಳ್ಲಿ."